ಶ್ರಾವಣದ ಮೊದಲ ಸೋಮವಾರದ ನೋಟಿಸು

ಹದಿನೈದು ದಿನದೊಳಗೆ ಮನೆ ಬಿಟ್ಟುಕೊಡಬೇಕೆಂದು ನನಗೆ ಏಳು ಸಲ ರಿಜಿಸ್ಟರ್ ಪೋಸ್ಟಿನಲ್ಲಿ ಬರೆದ ಮನುಷ್ಯ ಮೊನ್ನೆ ತಾವೇ ಹೊರಟುಹೋದರು. ಒಂದು ಸಾಲಿನ ನೋಟಿಸೂ ಕೊಡಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟುಕೊಂಡು, ಕಾಫಿ ಕೊಡಿ ಎಂದು ಒಳಗೆ ಹೇಳಿ ಜಗುಲಿಯಲ್ಲಿ ಕೂತವರು ಕಾಫಿ ಬರುವಷ್ಟರಲ್ಲಿ ಇರಲಿಲ್ಲವಂತೆ. ಏನಿದ್ದರೂ ಮೊದಲೇ ತಿಳಿಸಬೇಕು, ಬರೆದು ತಿಳಿಸಬೇಕು, ತಿಳಿಸಿದ್ದಕ್ಕೆ ಸಹಿ ಹಾಕಿಸಿಕೊಳ್ಳಬೇಕು ಅಂತ ನಮ್ಮ ತಲೆ ತಿಂದವರು ಹೀಗೆ ಹೋಗಿಬಿಟ್ಟದ್ದು ಕೇಳಿ, ಸುಳ್ಳು ಯಾಕೆ ಹೇಳಲಿ, ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು.

ಅವರು ಮೂಡಿಗೆರೆಯಲ್ಲಿ ನಮ್ಮ ಮನೆ ಓನರ್. ನಾನು ಬಾಳೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ರೈಟರ್ ಅಂದರೆ ಕಥೆ ಬರೆಯುವವನಲ್ಲ. ಬೆಳಿಗ್ಗೆ ಆಳುಗಳ ಹಾಜರಿ ಕೂಗುವುದು, ಗೊಬ್ಬರದ ಚೀಟಿ ಬರೆಯುವುದು, ಧಣಿಗಳ ಪರವಾಗಿ ಕರೆಂಟಿನವರಿಗೆ, ಕಂದಾಯದವರಿಗೆ, ಅರಣ್ಯದವರಿಗೆ ಅರ್ಜಿ ಗೀಚುವುದು ನನ್ನ ಕೆಲಸ. ಮಕ್ಕಳ ಶಾಲೆಗೆಂದು ಪೇಟೆಯಲ್ಲಿ ಮನೆ ಮಾಡಿ ಒಂಬತ್ತು ವರ್ಷ ಅಲ್ಲಿಂದ ಬಸ್ಸಿನಲ್ಲಿ ಓಡಾಡಿದೆ. ಓನರ್ ಮನೆಗೆ ಅಂಟಿಕೊಂಡಂತೆ ಒಂದೇ ಮಾಡಿನ ಕೆಳಗೆ ಮೂರು ಬಾಡಿಗೆ ಮನೆ. ನಡುವಿನದು ನಮ್ಮದು. ಅವರಿಗೆ ಬೀದಿ ಕೊನೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇತ್ತು. ಅದನ್ನು ತಮ್ಮನಿಗೆ ಒಪ್ಪಿಸಿ, ಇವರು ಬಾಡಿಗೆ ಕಾನೂನು ಹಿಡಿದು ಕೂತಿದ್ದರು.

ಚಿಕ್ಕಮಗಳೂರಿನಿಂದ ತಂದ ಒಂದು ಪುಸ್ತಕವಿತ್ತು ಅವರ ಹತ್ತಿರ. ರಟ್ಟು ಕಿತ್ತುಹೋಗಿ ಗೋಣಿ ದಾರದಲ್ಲಿ ಹೊಲಿದಿದ್ದರು. ಅದರ ಜಾಗ ದೇವರ ಮನೆಯಲ್ಲಿ, ಲಿಂಗದ ಪೆಟ್ಟಿಗೆಯ ಪಕ್ಕ. ಪೂಜೆ ಮುಗಿಸಿ ಎದ್ದವರು ಒಂದು ಪುಟ ಓದಿಯೇ ತಿಂಡಿಗೆ ಕೂರುತ್ತಿದ್ದರು. ಬಾಡಿಗೆದಾರನ ಮನೆಯೊಳಗೆ ಓನರ್ ಹೇಳದೆ ಕೇಳದೆ ಕಾಲಿಡಬಾರದು, ಒಂದು ದಿನ ಮುಂಚೆ ತಿಳಿಸಬೇಕು ಎಂದು ಅದರಲ್ಲಿ ಎಲ್ಲೋ ಓದಿಬಿಟ್ಟಿದ್ದರು. ಅದರ ಪರಿಣಾಮ ನಮ್ಮ ತಲೆಯ ಮೇಲೇ ಸುರಿಯಿತು.

ಮೊದಲ ಮಳೆಗಾಲ. ಅಡುಗೆಮನೆಯ ಹೆಂಚು ಜಾರಿ ಒಲೆಯ ಮೇಲೆ ನೀರು ಧಾರೆ ಧಾರೆ. ಓಡಿಹೋಗಿ ಹೇಳಿದೆ. "ನೋಡ್ತೀನಿ ರೈಟ್ರೇ," ಎಂದರು. ಛತ್ರಿ ಹಿಡಿದು ನನ್ನ ಹಿಂದೆಯೇ ಬರುತ್ತಾರೆ ಅಂದುಕೊಂಡರೆ, ಒಳಗೆ ಹೋಗಿ ಒಂದು ಚೀಟಿ ಬರೆದು ತಂದು ಕೈಗಿಟ್ಟರು. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಸೋರಿಕೆ ಪರಿಶೀಲನೆಗೆ ಬರುವುದಾಗಿ ತಿಳಿಸಿದೆ, ಎಂದು.

"ಈಗಲೇ ಬನ್ನಿ ಯಜಮಾನ್ರೇ, ಒಲೆ ತೇಲ್ತಾ ಇದೆ!"

"ಈಗ ಹೆಂಗೆ ಬರೋದು? ನಿಮಗೆ ಒಂದು ದಿನದ ಅವಕಾಶ ಇದೆ. ಅದು ನಿಮ್ಮ ಹಕ್ಕು."

ನನ್ನ ಹಕ್ಕನ್ನು ಇಡೀ ದಿನ ಪಾತ್ರೆಯಲ್ಲಿ ಹಿಡಿದು ಹೊರಗೆ ಚೆಲ್ಲಿದೆವು. ಮರುದಿನ ಸರಿಯಾಗಿ ಹನ್ನೊಂದಕ್ಕೆ ಬಾಗಿಲಲ್ಲಿ ನಿಂತು ಕೆಮ್ಮಿದರು. ಒಳಗೆ ಬಂದು, ತಲೆಯೆತ್ತಿ ನೋಡಿ, ಕನ್ನಡಕ ಒರೆಸಿಕೊಂಡು, "ಹೌದು, ಸೋರ್ತಿದೆ," ಎಂದು ಕಾಗದದಲ್ಲಿ ಬರೆದು, ಒಂದು ಪ್ರತಿ ನನಗೆ ಕೊಟ್ಟು ಹೋದರು. ಹೆಂಚು ಸರಿಮಾಡುವವನು ಬಂದದ್ದು ನಾಲ್ಕು ದಿನ ಬಿಟ್ಟು. ನನ್ನ ಹೆಂಡತಿ ಆ ಪ್ರತಿಯಿಂದಲೇ ಒಲೆ ಹಚ್ಚಿದಳು.

ಇನ್ನು ನೋಟಿಸಿನ ವಿಚಾರ. ಮನೆ ಬಿಡಿಸುವ ಉದ್ದೇಶ ಅವರಿಗೆ ಇತ್ತು ಅಂತ ಹೇಳಲಾರೆ. ವರ್ಷಕ್ಕೊಂದು ನೋಟಿಸು ಹೋಗದಿದ್ದರೆ ಬಾಡಿಗೆದಾರ ಮನೆ ತನ್ನದೇ ಅಂದುಕೊಳ್ಳುತ್ತಾನೆ ಎಂಬ ಒಂದು ಭಯ ಮಾತ್ರ ಇತ್ತು. ತೋಟದ ಬೇಲಿ ವರ್ಷಕ್ಕೊಮ್ಮೆ ಬಿಗಿ ಮಾಡುತ್ತಾರಲ್ಲ, ಹಾಗೆ. ಆಷಾಢದಲ್ಲಿ ಯಾರಿಗೂ ಮನೆ ಬಿಡಿ ಅನ್ನಬಾರದು, ಆದ್ದರಿಂದ ಶ್ರಾವಣದ ಮೊದಲ ಸೋಮವಾರ ಮುಹೂರ್ತ. ಅಂದು ಅಭಿಷೇಕ ಮಾಡಿ, ಮಡಿಯಲ್ಲೇ ಕೂತು, ಮೂರು ಮನೆಗೆ ಮೂರು ನೋಟಿಸು ಸ್ವಂತ ಕೈಯಲ್ಲಿ ಬರೆಯುತ್ತಿದ್ದರು. ಬಾಯಲ್ಲಿ ಮಾತ್ರ ಹೇಳುತ್ತಿರಲಿಲ್ಲ. 'ಖಾಲಿ' ಎಂಬ ಮಾತು ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿಯೇ ಇಲ್ಲ. ಆ ಮಾತು ಆಡಿದರೆ ಆಡಿದವನ ಮನೆಯೇ ಹಾಗಾಗುತ್ತದಂತೆ. ಅಕ್ಕಿ ಮುಗಿದರೂ "ಅಕ್ಕಿ ತುಂಬಿದೆ, ತರಿಸಬೇಕು" ಎನ್ನುವ ಮನೆ ಅದು. ಕಾಗದದಲ್ಲಿ ಬರೆದು, ಅಂಟಿಸಿ, ಸರ್ಕಾರದ ಕೈಯಲ್ಲಿ ಕಳಿಸಿದರೆ ದೋಷವೆಲ್ಲ ಸರ್ಕಾರಕ್ಕೆ.

ಜಗುಲಿಯಿಂದ ನಮ್ಮ ಬಾಗಿಲಿಗೆ ಇಪ್ಪತ್ತು ಹೆಜ್ಜೆ ಇರಬಹುದು. ಆ ಇಪ್ಪತ್ತು ಹೆಜ್ಜೆಗೆ ಕಾಗದ ಅಂಚೆ ಚೀಲ ಸೇರಿ, ಯಾವುದೋ ದೊಡ್ಡ ಊರಿಗೆ ಹೋಗಿ, ಅಲ್ಲಿ ವಿಂಗಡಣೆಯಾಗಿ, ದಾರಿಯಲ್ಲಿ ಮರ ಬಿದ್ದಿದ್ದರೆ ಅದನ್ನು ಕಡಿಯುವವರೆಗೆ ಕಾದು, ಆರನೆಯ ದಿನವೋ ಏಳನೆಯ ದಿನವೋ ಅದೇ ಬೀದಿಗೆ ವಾಪಸು ಬರುತ್ತಿತ್ತು. ಪೋಸ್ಟ್‌ಮ್ಯಾನ್ ತಮ್ಮ ಮುಂದೆಯೇ ಹಾದು ನಮ್ಮ ಬಾಗಿಲಿಗೆ ಹೋಗುವುದನ್ನು ಇವರು ಜಗುಲಿಯಿಂದ ನೋಡಿ, "ಓಹೋ, ರೈಟ್ರಿಗೆ ಏನೋ ಬಂದಿದೆ!" ಎನ್ನುತ್ತಿದ್ದರು. ನಾನು ಸಹಿ ಹಾಕಿದ ಮೇಲೆ ಒಳಗೆ ಕರೆಯುತ್ತಿದ್ದರು. ಕಡುಬು, ಕಾಯಿಚಟ್ನಿ, ದೊಡ್ಡ ಲೋಟದಲ್ಲಿ ಕಾಫಿ. ನೋಟಿಸಿನ ಮಾತೇ ಇಲ್ಲ. "ಸಂಸೆ ಕಡೆ ಮಳೆ ಎಂತ ಜೋರಂತೆ ಮಾರಾಯ್ರೆ," ಎನ್ನುತ್ತಾ ಇನ್ನೆರಡು ಕಡುಬು ಬಡಿಸುತ್ತಿದ್ದರು. ಮನೆ ಬಿಡಿ ಅಂತ ಬರೆದವರ ಮನೆಯಲ್ಲಿ ಕೂತು ಹೊಟ್ಟೆ ತುಂಬ ತಿಂದು ಬಂದ ನನ್ನನ್ನು ಹೆಂಡತಿ ಬಾಗಿಲಲ್ಲೇ ಕೇಳುತ್ತಿದ್ದಳು, "ಎಂತಕ್ಕೆ ವಾಪಸು ಬಂದ್ರಿ? ಅಲ್ಲೇ ಇದ್ದುಬಿಡಿ."

ಈ ನೋಟಿಸಿನಲ್ಲಿ ಒಂದು ತೂತು ಇದೆ ಅಂತ ಕಂಡುಹಿಡಿದವನು ನಾನು. ಅವರು ಬರೆಯುತ್ತಿದ್ದದ್ದು 'ಈ ದಿನದಿಂದ ಹದಿನೈದು ದಿನದೊಳಗೆ' ಎಂದು. ಆ ದಿನ ಅಂದರೆ ಶ್ರಾವಣದ ಸೋಮವಾರ, ಅವರು ಪೆನ್ನು ಎತ್ತಿದ ಘಳಿಗೆ. ಕಾಗದ ನಮ್ಮ ಕೈ ಸೇರುವಾಗ ಹದಿನೈದರಲ್ಲಿ ಆರೇಳು ದಿನ ಅಂಚೆ ಚೀಲದಲ್ಲೇ ಕರಗಿರುತ್ತಿತ್ತು. ಬಾಡಿಗೆದಾರನಿಗೆ ಪೂರ್ತಿ ಹದಿನೈದು ದಿನ ಸಿಗಬೇಕು, ಸಿಗದಿದ್ದರೆ ನೋಟಿಸು ನಿಲ್ಲುವುದಿಲ್ಲ. ಎಸ್ಟೇಟಿನ ಕಾಗದ ಪತ್ರ ನೋಡಿ ನೋಡಿ ನನಗೆ ಇಷ್ಟು ಗೊತ್ತಿತ್ತು. ಮೊದಲ ವರ್ಷವೇ ಲಕೋಟೆಯ ಮುದ್ರೆ ತೋರಿಸಿ ಹೇಳಿದೆ. ಅವರು ಬೆರಳು ಮಡಿಸಿ ಎಣಿಸಿದರು. ಮತ್ತೆ ಎಣಿಸಿದರು. "ಹೌದು ರೈಟ್ರೇ. ಇದಕ್ಕೆ ಜೀವ ಇಲ್ಲ. ಮುಂದಿನ ವರ್ಷ ನೋಡೋಣ," ಎಂದರು. ಜಗಳವಿಲ್ಲ, ಮುಖ ಸಣ್ಣ ಮಾಡುವುದಿಲ್ಲ. ಮುಂದಿನ ವರ್ಷ ಮತ್ತೆ ಅದೇ ಸೋಮವಾರ, ಅದೇ ಎಣಿಕೆ. ಮುಹೂರ್ತದಲ್ಲಿ ಶುರುವಾಗದ ದಿನಗಳನ್ನು ಲೆಕ್ಕಕ್ಕೆ ಹಿಡಿಯಲು ಅವರ ಮನಸ್ಸು ಒಪ್ಪುತ್ತಿರಲಿಲ್ಲ.

ಹೀಗೆ ನಾನು ಆ ಸಾಲಿನ ವಕೀಲನಾದೆ. ನೋಟಿಸು ಬಂದ ಕೂಡಲೇ ಪಕ್ಕದವರು ನನ್ನ ಹತ್ತಿರ ತಂದು ಓದಿಸುವುದು, ನಾನು ದಿನ ಎಣಿಸಿ ಇದಕ್ಕೆ ಜೀವ ಇಲ್ಲ ಎನ್ನುವುದು ಪದ್ಧತಿಯಾಗಿಹೋಯಿತು. ಮೂರನೆಯ ಮನೆಯಲ್ಲಿ ವರ್ಷಕ್ಕೊಬ್ಬರು ಬದಲಾಗುತ್ತಿದ್ದರು. ಬೀದಿ ಕಡೆಯ ಮೊದಲ ಮನೆಯಲ್ಲಿ ಮಾತ್ರ ನನಗಿಂತ ಮೊದಲಿನಿಂದ ಶಾರದಕ್ಕ ಇದ್ದರು.

ಶಾರದಕ್ಕ ಬ್ಲೌಸ್ ಹೊಲಿಯುತ್ತಿದ್ದರು. ಲಾರಿ ಓಡಿಸಲು ಘಟ್ಟ ಇಳಿದ ಗಂಡ ಕೆಳಗೇ ಬೇರೆ ಸಂಸಾರ ಮಾಡಿಕೊಂಡಿದ್ದ. ಇವರಿಗೆ ಇದ್ದದ್ದು ಒಂದು ಮೆಷಿನ್ ಮತ್ತು ಆ ಮನೆಯ ಬೀದಿ ಕಡೆಯ ಕಿಟಕಿ. ಆ ಕಿಟಕಿಯೇ ಅವರ ಅಂಗಡಿ. ಸಂತೆಗೆ ಬಂದ ಹೆಂಗಸರು ಕಿಟಕಿಯಲ್ಲಿ ಬಟ್ಟೆ ತೂರಿಸಿ, ಅಳತೆಯ ಬ್ಲೌಸ್ ಕೊಟ್ಟು, ಸಂತೆ ಮುಗಿಸಿ ಬಸ್ಸು ಹತ್ತುವ ಮುಂಚೆ ಹಳೆಯದನ್ನು ಇಸ್ಕೊಂಡು ಹೋಗುತ್ತಿದ್ದರು. ಬೋರ್ಡು ಇಲ್ಲ, ಏನೂ ಇಲ್ಲ. ಕಿಟಕಿ ಇಲ್ಲದಿದ್ದರೆ ಶಾರದಕ್ಕನಿಗೆ ಗಿರಾಕಿ ಇಲ್ಲ, ಗಿರಾಕಿ ಇಲ್ಲದಿದ್ದರೆ ಊಟ ಇಲ್ಲ. ಇದು ನನಗೂ ಗೊತ್ತಿತ್ತು, ಓನರಿಗೂ ಗೊತ್ತಿತ್ತು.

ಎಂಟನೆಯ ವರ್ಷ ಆಷಾಢದ ಕೊನೆಯಲ್ಲಿ ಅವರು ನನ್ನನ್ನು ಜಗುಲಿಗೆ ಕರೆದರು. ಕೈಯಲ್ಲಿ ಪುಸ್ತಕ.

"ರೈಟ್ರೇ, ಈ ಸಲ ತಪ್ಪಿಲ್ಲದ ಒಂದು ನೋಟಿಸು ಬೇಕಲ್ಲ. ನಿಮ್ಮ ಕೈ ಒಳ್ಳೇದು. ಒಂದು ಕರಡು ಮಾಡಿಕೊಡಿ."

"ಯಾರಿಗೆ?"

ಅವರು ಛತ್ರಿಯ ತುದಿಯಿಂದ ಬೀದಿ ಕಡೆಯ ಕಿಟಕಿ ತೋರಿಸಿದರು. ಪೇಟೆ ತುಂಬ ಹೋಂಸ್ಟೇ ಆಗುತ್ತಿದ್ದ ಕಾಲ. ಅಂಗಡಿಯ ತಮ್ಮನಿಗೆ ಅದರ ಹುಚ್ಚು ಹಿಡಿದಿತ್ತು. ಬೀದಿಗೆ ಮುಖ ಮಾಡಿದ ಮನೆಯಿಂದಲೇ ಶುರುಮಾಡೋಣ ಎಂದು ದಿನಾ ಬಂದು ಪೀಡಿಸುತ್ತಿದ್ದನಂತೆ. "ನೋಟಿಸು ಕೊಟ್ಟಿದೀನಿ ಅಂತ ಅವನಿಗೆ ತೋರಿಸ್ಬೇಕು. ತೂತು ಇದ್ರೆ ಅವನು ಹಿಡೀತಾನೆ," ಎಂದರು. ಆಮೇಲೆ ಏನೋ ನೆನಪಾದವರಂತೆ, "ಈ ವರ್ಷ ನಿಮಗೆ ನೋಟಿಸು ಇಲ್ಲ," ಎಂದರು.

ನಾನು ಆಗುವುದಿಲ್ಲ ಅನ್ನಬಹುದಿತ್ತು. ನಾಳೆ ನಾಳೆ ಎಂದು ತಳ್ಳಬಹುದಿತ್ತು. ಬೇಕೆಂದೇ ಒಂದು ತಪ್ಪು ಬಿಡಬಹುದಿತ್ತು. ಆದರೆ ನಿಮ್ಮ ಕೈ ಒಳ್ಳೇದು ಎಂದರಲ್ಲ, ಅಲ್ಲಿಗೆ ನಾನು ಬಿದ್ದೆ. ಅರ್ಜಿ ಬರೆಯುವವರ ರೋಗ ಅದು. ಯಾರ ಕುತ್ತಿಗೆಗೆ ಹಗ್ಗ ಅಂತ ನೋಡುವುದಿಲ್ಲ, ಗಂಟು ಚೆಂದ ಬಂತಾ ಅಂತ ನೋಡುತ್ತೇವೆ. ಎಸ್ಟೇಟ್ ಆಫೀಸಿನಲ್ಲಿ ಎರಡು ಮಧ್ಯಾಹ್ನ ಕೂತು ಬರೆದೆ. 'ಈ ನೋಟಿಸು ತಮಗೆ ತಲುಪಿದ ದಿನಾಂಕದಿಂದ ಪೂರ್ತಿ ಹದಿನೈದು ದಿನಗಳು ಕಳೆದ ನಂತರ' ಎಂಬ ಸಾಲು ಹಾಕಿದೆ. ಮನೆಯ ಚಕ್ಕುಬಂದಿ ಹಾಕಿದೆ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಬೇರೊಬ್ಬ ಬಾಡಿಗೆದಾರರ ಮನೆ. ಆ ಬೇರೊಬ್ಬ ನಾನೇ. ಸೋಮವಾರ ಬರೆಯಿರಿ, ಎಣಿಕೆ ಅವರ ಕೈ ಸೇರಿದ ದಿನದಿಂದ ಇರಲಿ, ಮುಹೂರ್ತಕ್ಕೂ ತೊಂದರೆ ಇಲ್ಲ ಎಂದು ಬುದ್ಧಿ ಬೇರೆ ಹೇಳಿಕೊಟ್ಟೆ. ಅವರು ಓದಿ, "ಭೇಷ್!" ಎಂದು ಮಂಡಿ ತಟ್ಟಿದರು. ಥೂ, ಆ ಭೇಷ್ ಕೇಳಿ ನನಗೆ ನಿಜವಾಗಲೂ ಖುಷಿಯಾಯಿತು.

ನೋಟಿಸು ಎಂಟನೆಯ ದಿನ ಬಂತು. ಸಂಜೆ ನಾನು ಬಸ್ಸಿಳಿದು ಬರುವಷ್ಟರಲ್ಲಿ ಶಾರದಕ್ಕ ನಮ್ಮ ಮನೆಯಲ್ಲಿದ್ದರು. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇತ್ತು.

"ಈ ವರ್ಷದ್ದು ಬಂತು ನೋಡಿ ರೈಟ್ರೇ," ಎಂದು ನಗುತ್ತಲೇ ಲಕೋಟೆ ಕೊಟ್ಟರು. "ಎಲ್ಲಿ ತಪ್ಪಿದೆ ಬೇಗ ಹೇಳಿ. ಮದುವೆ ಮನೆ ಬ್ಲೌಸ್ ಕೈಯಲ್ಲಿದೆ."

ಅಕ್ಷರ ಓನರದ್ದು, ಸಾಲು ನನ್ನದು. ಮೊದಲ ಸಲ ಓದುವವನಂತೆ ನಿಧಾನಕ್ಕೆ ಓದಿದೆ. ಪುಟ ತಿರುಗಿಸಿದೆ. ಲಕೋಟೆಯ ಮುದ್ರೆಯನ್ನೂ ನೋಡಿದೆ.

"ಈ ಸಲ ಸರಿ ಇದೆ ಶಾರದಕ್ಕ."

"ಎಂತ ಸರಿ?"

"ನೋಟಿಸು. ತಪ್ಪಿಲ್ಲ."

ಅವರು ನನ್ನ ಮುಖ ನೋಡಿದರು. "ದಿನ ಎಣಿಸಿದ್ರಾ?"

"ಎಣಿಸ್ದೆ."

"ಹಂಗಾದ್ರೆ ಹೋಗ್ಲೇಬೇಕಾ?"

ಇಲ್ಲಿ ನಾನು ಒಂದು ಮಾತು ಹೇಳಬೇಕಿತ್ತು. ನೋಟಿಸು ಸರಿ ಇದ್ದ ಮಾತ್ರಕ್ಕೆ ಯಾರೂ ಮನೆ ಬಿಟ್ಟು ಓಡಬೇಕಾಗಿಲ್ಲ. ಬಾಡಿಗೆದಾರ ಕದಲದಿದ್ದರೆ ಓನರ್ ಕೋರ್ಟಿಗೆ ಹೋಗಬೇಕು, ದಾವೆ ಹಾಕಬೇಕು, ಬಿಡಿ ಅಂತ ಕೋರ್ಟು ಹೇಳಬೇಕು. ಅಲ್ಲಿಯವರೆಗೆ ಮೆಷಿನ್ ಮುಟ್ಟುವ ಹಾಗಿಲ್ಲ, ಬೀಗ ಹಾಕುವ ಹಾಗಿಲ್ಲ, ಕರೆಂಟು ತೆಗೆಸುವ ಹಾಗಿಲ್ಲ. ವರ್ಷಗಟ್ಟಲೆ ಎಳೆಯುತ್ತದೆ. ಕರಡು ಬರೆಯುವಾಗ ಅವರ ಪುಸ್ತಕದಲ್ಲೇ ಓದಿದ್ದೆ. 'ಕೂತ್ಕೊಳ್ಳಿ ಅಕ್ಕ, ಅವರು ಕೋರ್ಟಿಗೆ ಹೋಗ್ಲಿ' ಅಂದಿದ್ದರೆ ಮುಗಿಯುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹಾಗೆ ಹೇಳಿದರೆ ಇವರು ವಕೀಲರ ಹತ್ತಿರ ಹೋಗುತ್ತಾರೆ, ಇಷ್ಟು ಚೊಕ್ಕಟವಾಗಿ ಬರೆದದ್ದು ಯಾರು ಅಂತ ವಿಚಾರಣೆಯಾಗುತ್ತದೆ, ನನ್ನ ಹೆಸರು ಹೊರಗೆ ಬೀಳುತ್ತದೆ. ಮುಂದಿನ ಶ್ರಾವಣಕ್ಕೆ ಅದೇ ಕರಡಿನಲ್ಲಿ ನನ್ನ ಹೆಸರು ಬರುತ್ತದೆ. ಇಷ್ಟೆಲ್ಲ ಒಂದು ಉಸಿರಿನಲ್ಲಿ ಯೋಚಿಸಿದೆ. ಇನ್ನೊಂದೂ ಇತ್ತು, ಹೇಳಿಬಿಡುತ್ತೇನೆ: ನಾನು ಬರೆದ ಕಾಗದ ಉಪಯೋಗಕ್ಕೆ ಬಾರದೆ ಹೋಗುತ್ತದಲ್ಲ ಎಂಬ ಹಾಳು ಅಭಿಮಾನ.

"ಕಾಗದದಲ್ಲಿ ಹಂಗೇ ಇದೆ ಅಕ್ಕ," ಎಂದೆ.

"ನೀವೇ ಸರಿ ಇದೆ ಅಂದ್ಮೇಲೆ ಇನ್ನೆಂತದು," ಎಂದು ಅವರು ಕಾಗದ ಮಡಿಸಿಕೊಂಡು ಎದ್ದರು. ಒಳಗಿದ್ದ ನನ್ನ ಹೆಂಡತಿಗೆ ಎಲ್ಲ ಗೊತ್ತಿತ್ತು, ಕರಡಿನ ಕಥೆಯೂ. ಶಾರದಕ್ಕ ಹೋದ ಮೇಲೆ ಹೊರಗೆ ಬಂದು, "ಚೆಂದ ಬರೆದಿದೀರಿ ಬಿಡಿ," ಎಂದಳು.

ಹದಿನಾಲ್ಕನೆಯ ದಿನ ಶಾರದಕ್ಕ ಮೆಷಿನ್ನನ್ನು ಗೂಡ್ಸ್ ಆಟೋಗೆ ಏರಿಸಿದರು. ಓನರ್ ಜಗುಲಿಯಲ್ಲಿ ಎದ್ದು ನಿಂತಿದ್ದರು. ಅವರ ಹೆಂಡತಿ ಕುಂಕುಮ ಕೊಟ್ಟು, ಎಲೆ ಅಡಿಕೆಯ ಜೊತೆ ಒಂದು ಬ್ಲೌಸ್ ಪೀಸ್ ಇಟ್ಟು ಕೊಟ್ಟರು. ಬ್ಲೌಸ್ ಹೊಲಿದು ಬದುಕುವವಳ ಕಿಟಕಿ ಕಿತ್ತುಕೊಂಡು ಕೈಗೆ ಬ್ಲೌಸ್ ಪೀಸ್! ಆದರೆ ಆ ಮನೆಯಲ್ಲಿ ಅದೂ ನಿಯಮ, ಹೋಗುವ ಹೆಂಗಸನ್ನು ಬರಿಗೈಲಿ ಕಳಿಸಬಾರದು.

ಶಾರದಕ್ಕನಿಗೆ ಸಿಕ್ಕಿದ್ದು ಗೋಣಿಬೀಡಿನಲ್ಲಿ ಒಂದು ಮನೆಯ ಹಿಂದಿನ ಕೋಣೆ. ಕಿಟಕಿ ತೆರೆದರೆ ದನದ ಕೊಟ್ಟಿಗೆ. ಬ್ಲೌಸಿನ ಅಳತೆ ಕೊಡಲು ಅಲ್ಲಿಯವರೆಗೆ ಬಸ್ಸು ಹತ್ತಿ ಹೋಗುವವರು ಯಾರು? ಒಂದು ವರ್ಷ ಹೇಗೋ ನೂಕಿ ಮೆಷಿನ್ ಮಾರಿದರು. ಇತ್ತ ಅಂಗಡಿಯ ತಮ್ಮ ಬೀದಿ ಕಿಟಕಿಗೆ ಬಣ್ಣ ಹೊಡೆಸಿದ, ಬಿದಿರಿನ ಪರದೆ ಇಳಿಬಿಟ್ಟ. ಶನಿವಾರ ಹೋಂಸ್ಟೇಗೆ ಬಂದವರು ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಒಂಬತ್ತನೆಯ ವರ್ಷ, ಶ್ರಾವಣಕ್ಕೆ ಮೊದಲೇ, ಮಕ್ಕಳ ಶಾಲೆ ಮುಗಿದು ನಾವು ಎಸ್ಟೇಟಿನ ಕ್ವಾರ್ಟರ್ಸಿಗೆ ಹೋಗುವುದೆಂದಾಯಿತು. ಮನೆ ಬಿಡುವುದಾಗಿ ನಾನೇ ಅವರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ನೋಟಿಸು ಕಳಿಸಿದೆ. ತಮಾಷೆಗೆ. ಅವರಿಗೆ ಅದು ತಮಾಷೆ ಅನ್ನಿಸಲಿಲ್ಲ. ಬೀಗದ ಕೈ ಕೊಡಲು ಹೋದ ದಿನ ನನ್ನ ಕಾಗದ ಮುಂದಿಟ್ಟುಕೊಂಡು ದಿನ ಎಣಿಸಿದರು, "ಸರಿಯಾಗಿದೆ," ಎಂದರು. ಕೀ ತಗೊಂಡು ಕಾಗದದ ಮೇಲಿಟ್ಟರು.

"ಒಂದು ವಿಷಯ ಕೇಳ್ಬೇಕು ಅಂತಿದ್ದೆ ರೈಟ್ರೇ. ಶಾರದಮ್ಮ ಹದಿನಾಲ್ಕನೇ ದಿನಕ್ಕೇ ಕೀ ತಂದು ಕೊಟ್ಟುಬಿಟ್ರಲ್ಲ. ಕೋರ್ಟು ಹೇಳೋವರೆಗೆ ಹೋಗ್ಬೇಕಾಗಿಲ್ಲ ಅಂತ ನೀವು ಹೇಳ್ಲಿಲ್ವಾ?"

ನಾನು ಎದ್ದು ಚಪ್ಪಲಿ ಹುಡುಕತೊಡಗಿದೆ.

"ತಮ್ಮನ ಬಾಯಿ ಮುಚ್ಚಿಸೋಕೆ ಬರೆಸಿದ್ದು ಅದು. ಅವರು ಕದಲಲ್ಲ, ನಾನೊಂದು ಕೇಸು ಹಾಕ್ತೀನಿ, ನಡೀತಾ ಇದೆ ನಡೀತಾ ಇದೆ ಅಂತ ಏಳೆಂಟು ವರ್ಷ ತಳ್ಳಬಹುದಿತ್ತು. ಅವನ ಹುಚ್ಚೂ ಇಳೀತಿತ್ತು. ಓದಿಸೋಕೆ ನಿಮ್ಮ ಹತ್ರಾನೇ ಬರ್ತಾರೆ ಅಂತ ಗೊತ್ತಿತ್ತಲ್ಲ. ನೀವು ಹೇಳ್ತೀರಿ ಅಂದ್ಕೊಂಡಿದ್ದೆ ಮಾರಾಯ್ರೆ."

ನನಗೆ ಮೈಯೆಲ್ಲ ಉರಿಯಿತು. "ನೀವೇ ಹೇಳಬಹುದಿತ್ತಲ್ಲ ಯಜಮಾನ್ರೇ? ಇಪ್ಪತ್ತು ಹೆಜ್ಜೆ!"

ಅವರು ನನ್ನನ್ನು ಒಂದನೇ ಕ್ಲಾಸಿನ ಮಗುವನ್ನು ನೋಡಿದಂತೆ ನೋಡಿದರು. "ನೋಟಿಸು ಕೊಟ್ಟವನೇ ಹೋಗ್ಬೇಡಿ ಅಂದ್ರೆ ನೋಟಿಸು ವಾಪಸು ತಗೊಂಡ ಹಾಗಲ್ವಾ? ನೀವೇ ಅಷ್ಟು ಚೆಂದ ಬರೆದುಕೊಟ್ಟು ಹೀಗೆ ಕೇಳ್ತೀರಲ್ಲ."

ಅದು ನಾವಿಬ್ಬರೂ ಆಡಿದ ಕೊನೆಯ ಮಾತು. ಪುಕ್ಕಲ, ನಿಯಮದ ಹಿಂದೆ ಅಡಗಿ ಕೂತ ಮನುಷ್ಯ, ಒಬ್ಬ ತಮ್ಮನಿಗೆ ಎದುರು ಹೇಳಲಾರದವನು ಎಂದು ದಾರಿಯುದ್ದಕ್ಕೂ ಬೈದುಕೊಂಡು ಬಂದೆ. ಬೈದದ್ದರಲ್ಲಿ ಒಂದೂ ತಪ್ಪಿಲ್ಲ. ಅಷ್ಟೂ ಬೈಗುಳ ನನಗೂ ಹೊಂದುತ್ತಿತ್ತು ಅನ್ನುವುದೇ ತೊಂದರೆ.

ಈಗ ಕಾಫಿ ಹಣ್ಣು ಕೊಯ್ಯುವ ಕಾಲ. ನಮ್ಮ ಎಸ್ಟೇಟಿಗೆ ಗೋಣಿಬೀಡು ಕಡೆಯಿಂದ ಎರಡು ಜೀಪು ಆಳು ಬರುತ್ತಾರೆ. ಎರಡು ವರ್ಷದಿಂದ ಅದರಲ್ಲಿ ಶಾರದಕ್ಕನೂ ಬರುತ್ತಾರೆ. ಸೊಂಟಕ್ಕೆ ಚೀಲ ಕಟ್ಟಿಕೊಂಡು, ತಲೆಗೆ ಟವೆಲ್ ಸುತ್ತಿಕೊಂಡು, ಸೂಜಿ ಹಿಡಿದ ಬೆರಳಿನಲ್ಲಿ ಹಣ್ಣು ಕೀಳುತ್ತಾರೆ. ಅವರ ಹೆಸರು ಕೂಗುವವನು ನಾನು.

ಓನರ್ ತೀರಿಕೊಂಡ ಮರುದಿನ ಬೆಳಿಗ್ಗೆ ಆಳುಗಳು ಸಾಲು ನಿಂತಿದ್ದರು. ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಒಬ್ಬಳು ಶಾರದಕ್ಕನನ್ನು ಕೆಣಕಿದಳು, "ನಿನ್ನ ಮನೆ ಬಿಡಿಸಿದವರು ಹೋದ್ರಂತೆ. ಸಮಾಧಾನ ಆಯ್ತಾ?"

"ಬಿಡೆ, ಸತ್ತವರ ಮೇಲೆ ಎಂತ ಸಿಟ್ಟು," ಎಂದರು ಶಾರದಕ್ಕ. ಆಮೇಲೆ ನನ್ನ ಕಡೆ ಕೈ ತೋರಿಸಿ ಎಲ್ಲರಿಗೂ ಕೇಳುವಂತೆ ಹೇಳಿದರು, "ನಂಗೆ ಆವತ್ತು ನಮ್ಮ ರೈಟ್ರು ಇದ್ರು. ಬೇರೆ ಯಾರಾದ್ರೂ ಆಗಿದ್ರೆ ಕೋರ್ಟು ಕಚೇರಿ ಅಂತ ಆಸೆ ಹುಟ್ಟಿಸಿ ಅಲೆದಾಡಿಸಿಬಿಡ್ತಿದ್ರು. ಇವರು ಇದ್ದದ್ದನ್ನ ಇದ್ದ ಹಾಗೆ ಹೇಳಿದ್ರು."

ಹೆಂಗಸರೆಲ್ಲ ತಿರುಗಿ ನನ್ನನ್ನು ನೋಡಿದರು. ನಾನು ತಲೆ ಬಗ್ಗಿಸಿ ಶಾರದಕ್ಕನ ಹೆಸರಿನ ಮುಂದೆ ಹಾಜರಿ ಹಾಕಿದೆ, ಮುಂದಿನ ಹೆಸರು ಕೂಗಿದೆ.